ಹಿಂದಿನ ಸಾಲಿಗೆ ಕೇಳಿಸುವುದು ಯಾರ ಹೊಣೆ?

ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಜಮಾಅತ್ ಸೇರಿದಾಗ ಇಮಾಮರ ತಕ್ಬೀರ್ ಹಿಂದಿನ ಸಾಲುಗಳಿಗೆ ಕೇಳಿಸುತ್ತಿರಲಿಲ್ಲ. ಅದಕ್ಕಾಗಿ ನಡುವಿನ ಸಾಲಿನಲ್ಲಿ ಒಬ್ಬರು ನಿಂತು ಇಮಾಮರ ತಕ್ಬೀರನ್ನು ಗಟ್ಟಿಯಾಗಿ ಪುನರುಚ್ಚರಿಸುತ್ತಿದ್ದರು. ಅವರನ್ನು ಮುಕಬ್ಬಿರ್ ಎನ್ನುತ್ತೇವೆ. ಇಮಾಮರ ದನಿ ತಲುಪದಿದ್ದರೆ ಅದು ಹಿಂದಿನ ಸಾಲಿನವನ ಕಿವಿಯ ದೋಷವೆಂದು ನಮ್ಮ ವಿದ್ವಾಂಸರು ಎಂದೂ ಹೇಳಲಿಲ್ಲ. ಮುಂದಿನ ಸಾಲಿಗೆ ಬಂದು ನಿಲ್ಲು, ಆಗ ಕೇಳಿಸುತ್ತದೆ ಎಂದು ಅವನನ್ನು ಗದರಿಸಲೂ ಇಲ್ಲ. ತಲುಪಿಸುವ ಹೊಣೆಯನ್ನು ಜಮಾಅತ್ ತಾನೇ ಹೊತ್ತುಕೊಂಡಿತು. ಮುಕಬ್ಬಿರ್‌ನಿಂದ ಸಮಯ ವ್ಯರ್ಥವಾಗುತ್ತದೆ ಎಂದು ಯಾರೂ ದೂರಲಿಲ್ಲ.

ದನಿಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ಸಮುದಾಯವು ಅರ್ಥದ ವಿಷಯದಲ್ಲಿ ಇಷ್ಟೊಂದು ಉದಾಸೀನವಾಗಿರುವುದೇಕೆ? ದನಿ ಕೇಳಿಸಿದರೂ ಮಾತು ತಿಳಿಯದೆ ಕುಳಿತಿರುವ ಸಹಸ್ರಾರು ಮಂದಿ ನಮ್ಮ ಮಸೀದಿಗಳಲ್ಲಿ, ಜಮಾಅತ್ ಸಭೆಗಳಲ್ಲಿ, ನಿಕಾಹ್ ಮಜ್ಲಿಸ್‌ಗಳಲ್ಲಿ ಇದ್ದಾರೆ. ಅವರು ಅಕ್ಷರಶಃ ಹಿಂದಿನ ಸಾಲಿನವರು. ಅವರಿಗಾಗಿ ನಾವು ಯಾವ ಮುಕಬ್ಬಿರ್‌ನನ್ನು ನಿಲ್ಲಿಸಿದ್ದೇವೆ?

ಹುಬ್ಬಳ್ಳಿಯ ಕಮರಿಪೇಟೆಯಂತಹ ಕಡೆ ಬದುಕುವವರಿಗೆ ಹಲವು ಭಾಷೆಗಳ ನಡುವೆ ಬಾಳುವುದು ಹೊಸ ಸಂಗತಿಯಲ್ಲ. ಎಸ್‌ಎಸ್‌ಕೆ ಸಮಾಜದವರಿಗೆ ಮನೆಯೊಳಗಿನ ಮಾತೇ ಬೇರೆ, ಬೀದಿಯ ಮಾತು ಕನ್ನಡ. ಮಾರವಾಡಿ ವ್ಯಾಪಾರಿ, ಮರಾಠಿ ಕುಟುಂಬ, ತೆಲುಗು ಮನೆಮಾತಿನ ರೈಲ್ವೆ ನೌಕರ, ದಖನಿ ಆಡುವ ಮುಸ್ಲಿಮ್ ಕುಶಲಕರ್ಮಿ ಎಲ್ಲರೂ ಒಂದೇ ಪೇಟೆಯಲ್ಲಿ ವ್ಯವಹರಿಸುತ್ತಾರೆ. ಮಾತು ತಿಳಿಯದ ಗಿರಾಕಿ ಬಂದರೆ ಅಂಗಡಿಯವನು ತಾನೇ ಅವನ ಭಾಷೆಗೆ ಹೊರಳುತ್ತಾನೆ. ಹೊರಳಲು ಬಾರದಿದ್ದರೆ ಪಕ್ಕದ ಅಂಗಡಿಯವನನ್ನು ಕರೆಯುತ್ತಾನೆ. ಏಕೆಂದರೆ ಗಿರಾಕಿಗೆ ಅರ್ಥವಾಗದಿದ್ದರೆ ನಷ್ಟ ತನಗೇ ಎಂಬ ವಿವೇಕ ಅವನಿಗಿದೆ. ಇದೇ ಮುಸ್ಲಿಮ್ ವ್ಯಾಪಾರಿಯು ಮಸೀದಿಯ ಮೆಟ್ಟಿಲು ಹತ್ತಿ ಜಮಾಅತಿನ ಪದಾಧಿಕಾರಿಯಾಗಿ ಕುಳಿತೊಡನೆ ಈ ವಿವೇಕ ಎಲ್ಲಿ ಮರೆಯಾಗುತ್ತದೆ?

ಒಂದು ಜಮಾಅತ್, ಮೂರು ಭಾಷೆ

ಮುಸ್ಲಿಮರ ಭಾಷೆ ಉರ್ದು ಎಂಬುದು ಈ ರಾಜ್ಯದಲ್ಲಿ ನಮ್ಮವರೂ ಇತರರೂ ಸಮಾನವಾಗಿ ನಂಬಿರುವ ಒಂದು ಅರ್ಧಸತ್ಯ. 2011ರ ಜನಗಣತಿಯ ಪ್ರಕಾರ ಕರ್ನಾಟಕದ 6.11 ಕೋಟಿ ಜನರಲ್ಲಿ ಮುಸ್ಲಿಮರು ಶೇ. 12.92, ಅಂದರೆ ಸುಮಾರು 79 ಲಕ್ಷ. ಉರ್ದುವನ್ನು ಮಾತೃಭಾಷೆ ಎಂದು ಬರೆಸಿದವರು ಶೇ. 10.83, ಅಂದರೆ ಸುಮಾರು 66 ಲಕ್ಷ. ಉರ್ದು ಬರೆಸಿದವರೆಲ್ಲರೂ ಮುಸ್ಲಿಮರೇ ಎಂದು ಲೆಕ್ಕ ಹಿಡಿದರೂ ಹದಿಮೂರು ಲಕ್ಷದಷ್ಟು ಮುಸ್ಲಿಮರ ಮಾತೃಭಾಷೆ ಬೇರೆ ಇದೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು, ಮಲೆಯಾಳ ಮಾತನಾಡುವವರು ಇದರಲ್ಲಿದ್ದಾರೆ. ಉತ್ತರ ಕರ್ನಾಟಕದ ನದಾಫ್ ಅಥವಾ ಪಿಂಜಾರ ಸಮುದಾಯದ ಅಸಂಖ್ಯ ಕುಟುಂಬಗಳೂ ಇದರಲ್ಲಿವೆ. ಹತ್ತಿಯ ನಾಡಾದ ಈ ಸೀಮೆಯಲ್ಲಿ ತಲೆಮಾರುಗಳಿಂದ ಅರಳೆ ಹಿಂಜಿ, ಗಾದಿ ಹೊಲಿದು ಬದುಕಿದ ಈ ಜನರ ಮನೆಯ ಒಲೆಯ ಮುಂದಿನ ಮಾತು ಕನ್ನಡ. ಅವರು ದುಆ ಮಾಡುವುದೂ, ಅಳುವುದೂ, ಮಗುವನ್ನು ಮಲಗಿಸುವುದೂ ಕನ್ನಡದಲ್ಲಿ. ಹಳ್ಳಿ ಬಿಟ್ಟು ಹುಬ್ಬಳ್ಳಿಗೆ ಬಂದು ನೆಲೆಸಿದಾಗ ಅವರು ಸೇರುವ ಜಮಾಅತಿನ ನೋಟಿಸು ಮಾತ್ರ ಉರ್ದುವಿನಲ್ಲಿರುತ್ತದೆ.

ಉರ್ದು ಮಾತೃಭಾಷೆಯವರಿಗಾದರೂ ಎಲ್ಲವೂ ತಿಳಿಯುತ್ತದೆಯೇ? ಅದೂ ಇಲ್ಲ. ನಮ್ಮ ಓಣಿಗಳ ಮಾತು ದಖನಿ. ‘ನಕೋ’, ‘ಹೌ’, ‘ಲೋಗಾಂ’, ‘ಬಾತಾಂ’ ಎನ್ನುವ ಈ ಭಾಷೆ ಕನ್ನಡ, ಮರಾಠಿಗಳ ಒಡನಾಟದಲ್ಲಿ ಬೆಳೆದದ್ದು. ಮದ್ರಸಾದಿಂದ ಹೊರಬಂದ ಮೌಲಾನಾ ಮಿಂಬರ್ ಏರಿದಾಗ ಆಡುವುದು ಫಾರ್ಸಿ, ಅರಬಿ ಪದಗಳಿಂದ ಕಿಕ್ಕಿರಿದ ಪುಸ್ತಕದ ಉರ್ದು. ಮದ್ರಸಾದಲ್ಲಿ ಓದಿ ಆ ಭಾಷೆಯ ಸೊಬಗನ್ನು ಸವಿದವನಾಗಿಯೇ ನಾನು ಹೇಳುತ್ತಿದ್ದೇನೆ: ಅಂತಹ ಬಯಾನಿನ ಅರ್ಧಭಾಗ ಗ್ಯಾರೇಜಿನ ಹುಡುಗನಿಗೂ, ಹಣ್ಣಿನ ಗಾಡಿಯವನಿಗೂ, ಅವನ ತಾಯಿಗೂ ತಲುಪುವುದಿಲ್ಲ. ಅವರು ತಲೆದೂಗುವುದು ದನಿಗೆ, ಅರ್ಥಕ್ಕಲ್ಲ.

ಮೂರನೆಯವರು ನಮ್ಮ ಮಕ್ಕಳು. ಮನೆಯಲ್ಲಿ ದಖನಿ ಮಾತನಾಡಿ, ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಉರ್ದು ಲಿಪಿಯೇ ತಿಳಿಯದು. ಅವರಿಗೆ ಮಸೀದಿಯ ಗೋಡೆಯ ಫಲಕ ಒಂದು ಚಿತ್ತಾರ ಮಾತ್ರ. ಇನ್ನು ಉರ್ದು ಮಾಧ್ಯಮದಲ್ಲಿ ಓದಿದ ಮಕ್ಕಳಲ್ಲಿ ಅನೇಕರಿಗೆ ತಹಶೀಲ್ದಾರ್ ಕಚೇರಿಯ ಕನ್ನಡ ಅರ್ಜಿಯೇ ಒಂದು ಕೋಟೆಗೋಡೆ. ಒಂದೇ ಮನೆಯಲ್ಲಿ ಅಜ್ಜ ಓದುವ ಪತ್ರಿಕೆಯನ್ನು ಮೊಮ್ಮಗಳು ಓದಲಾರಳು, ಮೊಮ್ಮಗಳು ಬರೆದ ಅರ್ಜಿಯನ್ನು ಅಜ್ಜ ಓದಲಾರ. ಹೀಗೆ ಒಂದೇ ಕಿಬ್ಲಾದತ್ತ ಮುಖ ಮಾಡಿ ನಿಂತವರು ಸಲಾಮ್ ಹೇಳಿ ಎದ್ದ ಮೇಲೆ ಪರಸ್ಪರ ಅಪರಿಚಿತರಾಗುತ್ತಿದ್ದಾರೆ.

ಒಂದು ಅಕ್ಷರದ ಬೆಲೆ

ಇದು ಕೇವಲ ಭಾವನೆಯ ಪ್ರಶ್ನೆ ಎಂದು ತಿಳಿದು ಸುಮ್ಮನಾಗುವಂತಿಲ್ಲ. ನಿಕಾಹ್‌ನಾಮೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಮಹರ್ ಎರಡು ಬಗೆಯದು. ಒಂದು ಕೂಡಲೇ ಸಲ್ಲಬೇಕಾದುದು, ಇನ್ನೊಂದು ಮುಂದೆ ಸಲ್ಲಿಸಲು ಬಾಕಿ ಇಟ್ಟದ್ದು. ಎರಡಕ್ಕೂ ಬಳಸುವ ಪದ ಕಿವಿಗೆ ಒಂದೇ ತೆರನಾಗಿ ಕೇಳುತ್ತದೆ: ಮುಅಜ್ಜಲ್. ‘ಐನ್’ ಅಕ್ಷರದಿಂದ ಬರೆದರೆ ಕೂಡಲೇ ಕೊಡುವಂತಹುದು, ‘ಹಮ್ಝಾ’ದಿಂದ ಬರೆದರೆ ನಂತರ ಕೊಡುವಂತಹುದು. ಒಂದೇ ಒಂದು ಅಕ್ಷರದ ವ್ಯತ್ಯಾಸದಲ್ಲಿ ಒಬ್ಬ ಹೆಣ್ಣುಮಗಳ ಹಕ್ಕು ಇಂದಿನಿಂದ ಎಂದೋ ಒಂದು ದಿನಕ್ಕೆ ಜಾರುತ್ತದೆ. ಉರ್ದು ಓದಲು ಬಾರದ ವಧು ಇದಕ್ಕೆ ಸಹಿ ಹಾಕುತ್ತಾಳೆ. ಉರ್ದು ಓದಲು ಬಾರದ ಆಕೆಯ ತಂದೆ ವಲಿಯಾಗಿ ಸಹಿ ಹಾಕುತ್ತಾನೆ. ಸಾಕ್ಷಿಗಳೂ ಹಾಕುತ್ತಾರೆ. ಹತ್ತು ವರ್ಷಗಳ ನಂತರ ಮನೆ ಮುರಿದು ಮಹರ್‌ನ ಮಾತು ಬಂದಾಗ, ಆ ಕಾಗದದಲ್ಲಿ ಏನಿತ್ತು ಎಂಬುದು ಆ ಮನೆಯವರಿಗೆ ಮೊದಲ ಬಾರಿಗೆ ತಿಳಿಯುತ್ತದೆ. ಒಪ್ಪಂದದ ಮೂಲ ಷರತ್ತೇ ಉಭಯಪಕ್ಷಗಳ ಒಪ್ಪಿಗೆ. ತಿಳಿಯದ ಮಾತಿಗೆ ನೀಡಿದ ಒಪ್ಪಿಗೆ ಎಂತಹ ಒಪ್ಪಿಗೆ? ‘ಕೂಡಲೇ ಕೊಡುವ ಮಹರ್’, ‘ಬಾಕಿ ಇರುವ ಮಹರ್’ ಎಂದು ಕನ್ನಡದಲ್ಲಿ ಎರಡು ಸಾಲು ಮುದ್ರಿಸಿದರೆ ಯಾರ ಈಮಾನಿಗೆ ಧಕ್ಕೆಯಾಗುತ್ತದೆ?

ವಕ್ಫ್ ಆಸ್ತಿಗಳ ಕಥೆಯೂ ಇದೇ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ನಂತರ, ಜೂನ್ 6ರಂದು ಆರಂಭವಾದ ಉಮೀದ್ ಪೋರ್ಟಲ್‌ನಲ್ಲಿ ಆರು ತಿಂಗಳೊಳಗೆ ವಕ್ಫ್ ಆಸ್ತಿಗಳ ವಿವರ ದಾಖಲಿಸಬೇಕೆಂಬ ಗಡುವು ಬಂತು. ಆ ಕಾಯ್ದೆಯ ಕುರಿತು ನಮ್ಮ ಆಕ್ಷೇಪಗಳು ಬೇರೆಯೇ ಇವೆ, ಅವು ಗಂಭೀರವಾದವು. ಆದರೆ ಇಂತಹ ಗಡುವು ಎದುರಾದಾಗ ನಮ್ಮ ಮುತವಲ್ಲಿಗಳ ಕೈಯಲ್ಲಿ ಏನಿರುತ್ತದೆ? ಮಸೀದಿಯ ಹಳೆಯ ವಹಿ ಉರ್ದುವಿನಲ್ಲಿ, ಪಹಣಿ ಕನ್ನಡದಲ್ಲಿ. ಎರಡನ್ನೂ ಓದಿ ತಾಳೆ ನೋಡಬಲ್ಲವರು ಒಂದು ಜಮಾಅತಿನಲ್ಲಿ ಎಷ್ಟು ಮಂದಿ? ಉರ್ದು ಬಲ್ಲ ಹಿರಿಯರು ಕನ್ನಡ ಓದಲಾರರು, ಕನ್ನಡ ಬಲ್ಲ ಪದವೀಧರ ಯುವಕರನ್ನು ಅದುವರೆಗೆ ಯಾವ ಸಭೆಗೂ ಕರೆದಿರುವುದಿಲ್ಲ. ಸಮುದಾಯದ ಆಸ್ತಿ ಕೈತಪ್ಪಲು ಪ್ರತಿಬಾರಿಯೂ ಹೊರಗಿನ ಶತ್ರುವೇ ಬೇಕಿಲ್ಲ. ಇಬ್ಬರು ಸದಸ್ಯರು ಪರಸ್ಪರರ ಕಾಗದ ಓದಲಾರದ ಸ್ಥಿತಿಯೇ ಸಾಕು.

ವಾರ್ಷಿಕ ಮಹಾಸಭೆಗಳನ್ನು ನೋಡಿ. ಲೆಕ್ಕಪತ್ರವನ್ನು ‘ಗೋಶ್ವಾರಾ-ಎ-ಆಮದ್-ಒ-ಖರ್ಚ್’ ಎಂಬ ಗಂಭೀರ ಶೀರ್ಷಿಕೆಯಡಿ ಓದಲಾಗುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ಗಾದಿ ಹೊಲಿಯುವ ನದಾಫ್ ಸಹೋದರನಿಗೆ ಅದೇನೆಂದು ತಿಳಿಯುವುದಿಲ್ಲ. ‘ಜಮಾಖರ್ಚು’ ಎಂದಿದ್ದರೆ ತಕ್ಷಣ ತಿಳಿಯುತ್ತಿತ್ತು, ಮತ್ತು ಆತ ಪ್ರಶ್ನೆಯನ್ನೂ ಕೇಳುತ್ತಿದ್ದ. ಹೀಗೆ ಪ್ರಶ್ನೆ ಬಾರದಿರುವುದು ಕೆಲವರಿಗೆ ಅನುಕೂಲಕರವೂ ಆಗಿದೆ ಎಂಬ ಕಹಿಸತ್ಯವನ್ನು ನಾವು ಒಪ್ಪಿಕೊಳ್ಳಲೇಬೇಕು. ಭಾಷೆಯ ತಡೆಗೋಡೆ ಎಲ್ಲ ಕಡೆಯೂ ತಾನಾಗಿ ಎದ್ದದ್ದಲ್ಲ. ಕೆಲವೆಡೆ ಅದನ್ನು ಜತನದಿಂದ ಕಾಯ್ದುಕೊಂಡು ಬರಲಾಗಿದೆ.

ಅಂದಹಾಗೆ, ‘ಜಮಾ’ ಮತ್ತು ‘ಖರ್ಚು’ ಎರಡೂ ಅರಬಿ, ಫಾರ್ಸಿ ಮೂಲದಿಂದ ಕನ್ನಡಕ್ಕೆ ಬಂದವು. ಅರ್ಜಿ, ವಕೀಲ, ಜಾಮೀನು, ತಹಶೀಲ್ದಾರ, ರಸೀದಿ, ಬಾಕಿ, ಕಾನೂನು ಇವೆಲ್ಲವೂ ಅಷ್ಟೇ. ಕನ್ನಡವು ನಮ್ಮ ಪದಗಳಿಗೆ ಶತಮಾನಗಳ ಹಿಂದೆಯೇ ಮನೆಯ ಬಾಗಿಲು ತೆರೆದಿದೆ. ನಾವು ಕನ್ನಡಕ್ಕೆ ಮಸೀದಿಯ ಅಂಗಳದಲ್ಲಿ ಒಂದು ಚಾಪೆ ಹಾಸಲು ಹಿಂಜರಿಯುತ್ತಿದ್ದೇವೆ.

ನಮ್ಮ ಹಿರಿಯರು ಏನು ಮಾಡಿದರು?

ಪ್ರತಿಯೊಬ್ಬ ಪ್ರವಾದಿಯೂ ತನ್ನ ಜನರ ಭಾಷೆಯಲ್ಲೇ ಸಂದೇಶ ತಂದರು, ಅವರಿಗೆ ವಿಷಯ ಸ್ಪಷ್ಟವಾಗಲೆಂದೇ ಹಾಗೆ ಮಾಡಲಾಯಿತು ಎಂಬ ತತ್ವ ಸೂರಃ ಇಬ್ರಾಹೀಮ್‌ನ ಆರಂಭದಲ್ಲೇ ಇದೆ. ಸ್ಪಷ್ಟಪಡಿಸುವ ಕೆಲಸ ಅಲ್ಲಿ ಹೇಳುವವನಿಗೆ ಸೇರಿದ್ದು. ಯಹೂದಿಗಳೊಡನೆ ಪತ್ರವ್ಯವಹಾರ ಬೇಕಾದಾಗ ಪ್ರವಾದಿ(ಸ) ಅವರು ಝೈದ್ ಬಿನ್ ಸಾಬಿತ್‌ರಿಗೆ ಅವರ ಬರಹವನ್ನು ಕಲಿಯಲು ಆಜ್ಞಾಪಿಸಿದರು. ಅವರು ಹದಿನೈದು ದಿನಗಳ ಆಸುಪಾಸಿನಲ್ಲಿ ಕಲಿತರೆಂದು ವರದಿಯಿದೆ.

ಇನ್ನೊಂದು ಉದಾಹರಣೆಯು ನಮ್ಮ ಉಲಮಾಗಳಿಗೆ ಚಿರಪರಿಚಿತ, ಆದರೆ ಮಿಂಬರ್‌ನಿಂದ ಕೇಳಿಬರುವುದು ವಿರಳ. ಸಹೀಹ್ ಬುಖಾರಿಯಲ್ಲಿ ಅಬೂ ಜಮ್ರಃ ಎಂಬವರ ವರದಿಯಿದೆ. ಅವರು ಇಬ್ನು ಅಬ್ಬಾಸ್(ರ) ಮತ್ತು ಜನರ ನಡುವೆ ಭಾಷಾಂತರಕಾರರಾಗಿದ್ದರು. ಇಬ್ನು ಅಬ್ಬಾಸ್‌ರು ಅವರನ್ನು ತಮ್ಮ ಆಸನದ ಮೇಲೆಯೇ ಕೂರಿಸಿಕೊಳ್ಳುತ್ತಿದ್ದರು. ತಮ್ಮ ಬಳಿ ಉಳಿದುಕೊಂಡರೆ ತಮ್ಮ ಸಂಪತ್ತಿನಲ್ಲಿ ಒಂದು ಪಾಲು ಕೊಡುವುದಾಗಿಯೂ ಹೇಳಿದರು. ಕುರ್‌ಆನ್ ವ್ಯಾಖ್ಯಾನದಲ್ಲಿ ಸರಿಸಾಟಿಯಿಲ್ಲದ ವಿದ್ವಾಂಸರೊಬ್ಬರು ತಮ್ಮ ಮಾತನ್ನು ಜನರಿಗೆ ತಲುಪಿಸುವವನಿಗೆ ನೀಡಿದ ಸ್ಥಾನ ಇದು: ಆಸನದಲ್ಲಿ ಸ್ಥಳ, ಸಂಪತ್ತಿನಲ್ಲಿ ಪಾಲು. ಹದೀಸ್ ವಿದ್ವಾಂಸರಾದ ಇಬ್ನು ಸಲಾಹ್ ಈ ವರದಿಯನ್ನು ವಿವರಿಸುತ್ತಾ, ಜನಸಂದಣಿಯಿಂದಾಗಿ ಕೇಳಿಸದವರಿಗೆ ಕೇಳಿಸುವುದೂ, ಅರ್ಥವಾಗದವರಿಗೆ ಅರ್ಥಮಾಡಿಸುವುದೂ ಅಬೂ ಜಮ್ರಃರ ಕೆಲಸವಾಗಿತ್ತು ಎನ್ನುತ್ತಾರೆ. ಮುಕಬ್ಬಿರ್‌ನ ಕೆಲಸವೂ ಅನುವಾದಕನ ಕೆಲಸವೂ ಒಂದೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕೇ?

ಉರ್ದುವಿನ ಇತಿಹಾಸವೇ ನಮ್ಮ ಇಂದಿನ ಹಠಕ್ಕೆ ಉತ್ತರ ಹೇಳುತ್ತದೆ. ಒಂದು ಕಾಲದಲ್ಲಿ ಘನತೆಯ ಭಾಷೆ ಫಾರ್ಸಿಯಾಗಿತ್ತು, ಇಂದಿನ ಉರ್ದುವಿನ ಪೂರ್ವರೂಪ ಬೀದಿಯ ಭಾಷೆಯಾಗಿತ್ತು. ನಮ್ಮ ವಿಜಾಪುರದ ಸೂಫಿಗಳಾದ ಶಾಹ್ ಮೀರಾಂಜಿ ಮತ್ತು ಅವರ ಮಗ ಬುರ್ಹಾನುದ್ದೀನ್ ಜಾನಮ್ ಅವರು ಅರಬಿ, ಫಾರ್ಸಿ ಬಾರದ ಜನಸಾಮಾನ್ಯರಿಗಾಗಿ ದಖನಿಯಲ್ಲಿ ಬರೆದರು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರಿಗಾಗಿ ದಖನಿಯಲ್ಲಿ ‘ಚಕ್ಕಿನಾಮೆ’ಗಳು ಹುಟ್ಟಿದವು. ಹದಿನೆಂಟನೇ ಶತಮಾನದ ದಿಲ್ಲಿಯಲ್ಲಿ ಶಾಹ್ ವಲಿಯುಲ್ಲಾಹ್‌ರು ಕುರ್‌ಆನನ್ನು ಫಾರ್ಸಿಗೆ ಅನುವಾದಿಸಿದಾಗ ಆಕ್ಷೇಪಗಳು ಎದ್ದವು. ಅವರ ಪುತ್ರರಾದ ಶಾಹ್ ರಫೀಉದ್ದೀನ್ ಮತ್ತು ಶಾಹ್ ಅಬ್ದುಲ್ ಕಾದಿರ್ ಮುಂದಿನ ಹೆಜ್ಜೆಯಿಟ್ಟು ಉರ್ದುವಿಗೆ ತಂದರು. ಜನರಿಗೆ ಫಾರ್ಸಿ ತಿಳಿಯದು ಎಂಬ ಕಾರಣಕ್ಕೆ ಉರ್ದು ಮಿಂಬರ್ ಏರಿತು. ಅದೇ ಕಾರಣಕ್ಕೆ ಕನ್ನಡ ಏರಬಾರದೆಂದು ವಾದಿಸುವವರು ತಾವು ಶಾಹ್ ಅಬ್ದುಲ್ ಕಾದಿರ್‌ರ ವಾರಸುದಾರರೋ ಅಥವಾ ಆಕ್ಷೇಪಿಸಿದವರ ವಾರಸುದಾರರೋ ಎಂದು ಯೋಚಿಸಿ ನೋಡಲಿ.

ಧಾರವಾಡ ಸೀಮೆಯ ಮಣ್ಣಿಗೂ ಈ ಪಾಠ ಹೊಸದಲ್ಲ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಇಲ್ಲಿಯ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ಪ್ರಾಬಲ್ಯ. ಕನ್ನಡದ ಮಕ್ಕಳು ತಮ್ಮ ನೆಲದಲ್ಲೇ ಅರ್ಥವಾಗದ ಪಾಠ ಕೇಳಬೇಕಿತ್ತು. ಡೆಪ್ಯೂಟಿ ಚನ್ನಬಸಪ್ಪನವರಂತಹವರು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅವರ ಹೋರಾಟ ಮರಾಠಿಯನ್ನು ಅಳಿಸಲೆಂದು ಆರಂಭವಾದುದಲ್ಲ, ತಮ್ಮ ಮಾತಿನಲ್ಲಿ ತಿಳಿದುಕೊಳ್ಳುವ ಹಕ್ಕಿಗಾಗಿ. ಕನ್ನಡ ಮಾತನಾಡುವ ಮುಸ್ಲಿಮ್ ತನ್ನ ಜಮಾಅತಿನಲ್ಲಿ ಕೇಳುತ್ತಿರುವುದೂ ಅದೇ ಹಕ್ಕನ್ನು.

ಎರಡು ಆಕ್ಷೇಪಗಳು

ಇಲ್ಲಿ ಹಿರಿಯರೊಬ್ಬರು ಎದ್ದು ನಿಂತು, ಉರ್ದು ಈಗಾಗಲೇ ದಾಳಿಗೊಳಗಾಗಿದೆ, ನೀವೂ ಅದರ ಬೇರಿಗೆ ಕೊಡಲಿ ಹಾಕುತ್ತಿದ್ದೀರಿ ಎಂದು ಹೇಳಿದರೆ ಅವರ ನೋವನ್ನು ನಾನು ಅಲ್ಲಗಳೆಯಲಾರೆ. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭವಾದದ್ದೇ ನೆಪವಾಗಿ ನಡೆದ ಗಲಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಹತ್ತು ನಿಮಿಷದ ವಾರ್ತೆಯನ್ನೂ ಸಹಿಸದ ಅಸಹನೆಯನ್ನು ಕಂಡವರು ಭಾಷೆಯ ಮಾತೆತ್ತಿದರೆ ಬೆಚ್ಚಿಬೀಳುವುದು ಸಹಜ. ಕನ್ನಡ ಚಲನಚಿತ್ರಗಳಲ್ಲಿ ‘ನಮ್ದುಕೆ’, ‘ನಿಮ್ದುಕೆ’ ಎಂದು ತೊದಲುವ ಮುಸ್ಲಿಮ್ ಪಾತ್ರವನ್ನು ನೋಡಿ ಇಡೀ ಚಿತ್ರಮಂದಿರ ನಕ್ಕಾಗ ನಮಗಾದ ಅವಮಾನವೂ ನಿಜವೇ.

ಆದರೆ ಆ ಅವಮಾನವನ್ನು ಉಂಡವರು ಅದನ್ನೇ ಮತ್ತೊಬ್ಬನಿಗೆ ಬಡಿಸಬಹುದೇ? ಕನ್ನಡ ಮನೆಮಾತಿನ ಮುಸ್ಲಿಮ್ ಸಭೆಯಲ್ಲಿ ಉರ್ದು ಮಾತನಾಡಲು ಯತ್ನಿಸಿ ‘ಮೇರೀ ಕಿತಾಬ್’ ಎನ್ನುವಲ್ಲಿ ‘ಮೇರಾ ಕಿತಾಬ್’ ಎಂದಾಗ ಮುಂದಿನ ಸಾಲಿನಲ್ಲಿ ಏಳುವ ನಗೆ ಯಾವ ಜಾತಿಯದು? ಕಚೇರಿಯಲ್ಲಿ ನಮ್ಮ ತಾಯಂದಿರು ‘ಸಾಹೇಬರು ಬಂತಾ?’ ಎಂದು ಕೇಳಿದಾಗ ಗುಮಾಸ್ತ ನಗುವ ನಗೆಯೂ ಅದೇ. ಕಿತಾಬ್ ಸ್ತ್ರೀಲಿಂಗವೆಂದು ತಿಳಿಯದಿರುವುದರಿಂದ ಯಾರೂ ಅರ್ಧ ಮುಸ್ಲಿಮ್ ಆಗುವುದಿಲ್ಲ. ‘ಇವರಿಗೆ ಉರ್ದೂ ಸಹ ಬರುವುದಿಲ್ಲ’ ಎಂಬ ತಿರಸ್ಕಾರ ಸಂಬಂಧ ಬೆಳೆಸುವಾಗಲೂ, ಸಮಿತಿಗೆ ಆಯ್ಕೆ ಮಾಡುವಾಗಲೂ ಇಣುಕುತ್ತದೆ. ಇದಕ್ಕೆ ಇಸ್ಲಾಮಿನ ಹೆಸರಿಡುವುದು ಇಸ್ಲಾಮಿಗೆ ಮಾಡುವ ದ್ರೋಹ. ಇದರ ನಿಜವಾದ ಹೆಸರು ಜಾತಿಯ ಅಹಂಕಾರ.

ಉರ್ದು ಉಳಿಯಬೇಕೆಂಬುದು ನನ್ನ ಆಶಯವೂ ಹೌದು. ಅದು ಉಳಿಯುವುದು ಅದನ್ನು ಓದುವವರಿಂದ, ಕಲಿಸುವವರಿಂದ, ಅದರ ಪತ್ರಿಕೆ ಕೊಳ್ಳುವವರಿಂದ. ಅರ್ಥವಾಗದವನ ಮೇಲೆ ಹೇರುವುದರಿಂದ ಯಾವ ಭಾಷೆಯೂ ಬದುಕಿದ್ದಿಲ್ಲ. ತಮ್ಮ ಮಕ್ಕಳಿಗೆ ಉರ್ದು ಅಕ್ಷರ ಕಲಿಸದ ಪದಾಧಿಕಾರಿಗಳು ಮಸೀದಿಯ ಫಲಕದಲ್ಲಿ ಉರ್ದುವಿನ ರಕ್ಷಣೆ ಮಾಡುತ್ತಿರುವುದು ವಿಪರ್ಯಾಸವಲ್ಲವೇ?

ಎರಡನೆಯ ಆಕ್ಷೇಪ ಯುವಕರದು. ಉರ್ದುವಿನ ಗೊಡವೆಯೇ ಬೇಡ, ಎಲ್ಲವನ್ನೂ ಕನ್ನಡದಲ್ಲಿ ಮಾಡಿಬಿಡಿ, ಬಾರದವರು ಕಲಿಯಲಿ ಎನ್ನುತ್ತಾರೆ ಅವರು. ಕನ್ನಡ ಕಲಿಯಬೇಕು ಎಂಬ ಮಾತು ಸರಿ. 1963ರಿಂದ ಇದು ಈ ರಾಜ್ಯದ ಆಡಳಿತ ಭಾಷೆ, ಪೊಲೀಸ್ ಠಾಣೆಯ ಹೇಳಿಕೆಯಿಂದ ಪಡಿತರ ಚೀಟಿಯವರೆಗೆ ನಮ್ಮ ಬದುಕು ಇದರಲ್ಲೇ ಬರೆಯಲ್ಪಡುತ್ತಿದೆ. ಆದರೆ ಬಾರದವರು ಕಲಿಯಲಿ ಎಂಬ ವಾಕ್ಯವನ್ನು ಗಮನಿಸಿ. ನದಾಫ್ ಸಹೋದರನಿಗೆ ಹಿರಿಯರು ಹೇಳುತ್ತಾ ಬಂದದ್ದೂ ಇದನ್ನೇ. ನಾಳೆ ಎಲ್ಲವೂ ಕನ್ನಡವಾದರೆ ದಖನಿಯ ಹೊರತು ಬೇರೇನೂ ತಿಳಿಯದ ಎಪ್ಪತ್ತರ ಅಜ್ಜಿ ಹಿಂದಿನ ಸಾಲಿಗೆ ಸರಿಯುತ್ತಾಳೆ. ಸಾಲು ಬದಲಾಯಿತು, ಅನ್ಯಾಯ ಬದಲಾಗಲಿಲ್ಲ. ತುರ್ಕಿಯಲ್ಲಿ 1932ರಿಂದ 1950ರವರೆಗೆ ಅಝಾನನ್ನು ಸಹ ತುರ್ಕಿ ಭಾಷೆಯಲ್ಲೇ ಕೂಗಬೇಕೆಂದು ಪ್ರಭುತ್ವ ಒತ್ತಾಯಿಸಿತು. ಜನ ಅದನ್ನು ಮನಸಾರೆ ಒಪ್ಪಲಿಲ್ಲ, ಅವಕಾಶ ಸಿಕ್ಕೊಡನೆ ಅರಬಿ ಅಝಾನ್ ಮರಳಿತು. ನಮಾಝಿನ, ಅಝಾನಿನ ಭಾಷೆಯನ್ನು ಬದಲಿಸಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಅವು ಅರಬಿಯಲ್ಲೇ ಇರುತ್ತವೆ. ಮನುಷ್ಯರು ಮನುಷ್ಯರೊಡನೆ ಆಡುವ ಮಾತು ಕೇಳುವವನಿಗೆ ತಿಳಿಯುವಂತಿರಲಿ ಎಂಬುದಷ್ಟೇ ಬೇಡಿಕೆ.

ಜುಮಾ ಖುತ್ಬಾದ ಭಾಷೆಯ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದು ನಿಜ. ಇಮಾಮ್ ಅಬೂ ಹನೀಫಾ(ರ) ಅವರು ಅರಬಿಯೇತರ ಖುತ್ಬಾವನ್ನು ಸಿಂಧುವೆಂದು ಪರಿಗಣಿಸಿದ್ದರೆ, ಅವರ ಇಬ್ಬರು ಶಿಷ್ಯರ ಅಭಿಪ್ರಾಯ ಬೇರೆಯಾಗಿತ್ತು. ಆ ಚರ್ಚೆಯನ್ನು ಇಲ್ಲಿ ಬಗೆಹರಿಸುವ ಅಗತ್ಯವಿಲ್ಲ. ನಮ್ಮ ಬಹುಪಾಲು ಮಸೀದಿಗಳಲ್ಲಿ ಅರಬಿ ಖುತ್ಬಾಕ್ಕೆ ಮೊದಲು ಉರ್ದು ಬಯಾನ್ ಇದ್ದೇ ಇದೆ. ಉರ್ದು ಬಯಾನಿಗೆ ಇರುವ ಅನುಮತಿ ಕನ್ನಡ ಬಯಾನಿಗೆ ಇಲ್ಲವೆಂದು ಯಾವ ಗ್ರಂಥದಲ್ಲಿ ಬರೆದಿದೆ?

ದಾರಿ ಕಂಡವರು

ನೆರೆಯ ಕೇರಳವನ್ನು ನೋಡಿ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ಅನೇಕ ಮುಸ್ಲಿಮರು ಮಲೆಯಾಳ ಲಿಪಿಯನ್ನು ಕಲಿಯುವುದನ್ನೇ ಅಧರ್ಮವೆಂದು ಭಾವಿಸಿದ್ದಾಗ ಸನಾಉಲ್ಲಾ ಮಕ್ತಿ ತಂಙಳ್ (1847-1912) ಮಲೆಯಾಳದಲ್ಲೇ ಬರೆದು, ಮಲೆಯಾಳ ಕಲಿಯಿರಿ ಎಂದು ಊರೂರು ತಿರುಗಿದರು. ವಕ್ಕಂ ಮೌಲವಿಯವರು 1905ರಲ್ಲಿ ‘ಸ್ವದೇಶಾಭಿಮಾನಿ’ ಪತ್ರಿಕೆ ಆರಂಭಿಸಿದರು. ಅವರು ಅರಬಿಯನ್ನು ಬಿಡಲಿಲ್ಲ. ನಾಡಿನ ಭಾಷೆಯನ್ನೂ ಕೈಗೆತ್ತಿಕೊಂಡರು. ಇಂದು ಕೇರಳದ ಮುಸ್ಲಿಮ್ ಹೆಣ್ಣುಮಗಳು ಧರ್ಮವನ್ನೂ ಕಾನೂನನ್ನೂ ಒಂದೇ ಭಾಷೆಯಲ್ಲಿ ಓದಬಲ್ಲಳು.

ದೂರ ಹೋಗುವುದೂ ಬೇಡ. ನಮ್ಮ ಸೀಮೆಯ ಶಿಶುನಾಳದ ಷರೀಫರು (1819-1889) ಕನ್ನಡದಲ್ಲಿ ಹಾಡಿದರು, ಆ ಹಾಡುಗಳು ಇಂದಿಗೂ ಈ ಭಾಗದ ಮನೆಮನೆಗಳಲ್ಲಿವೆ. ನಮ್ಮ ಕಾಲದಲ್ಲಿ ಬಾನು ಮುಷ್ತಾಕ್ ಅವರಿದ್ದಾರೆ. ಮನೆಮಾತು ಕನ್ನಡವಲ್ಲದ ಬಾಲಕಿಯನ್ನು ಶಿವಮೊಗ್ಗದ ಕನ್ನಡ ಶಾಲೆಯೊಂದಕ್ಕೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದು, ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. 2025ರ ಮೇ ತಿಂಗಳಲ್ಲಿ ಅವರ ಕನ್ನಡ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪಬೇಕೆಂದೇನಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಿ: ಆ ಪ್ರಶಸ್ತಿಯನ್ನು ಲೇಖಕಿಯೂ ಅನುವಾದಕಿ ದೀಪಾ ಭಾಸ್ತಿಯವರೂ ಸಮಾನವಾಗಿ ಹಂಚಿಕೊಂಡರು. ದಾಟಿಸುವವನಿಗೆ ಸಮಾನ ಪಾಲು ಎಂಬುದನ್ನು ಜಗತ್ತು ಒಪ್ಪುತ್ತಿದೆ. ಇಬ್ನು ಅಬ್ಬಾಸ್‌ರ ಆಸನದಲ್ಲಿ ಕುಳಿತ ಅಬೂ ಜಮ್ರಃರನ್ನು ಬಲ್ಲ ನಾವು ಇದನ್ನು ಬೇರೆಯವರಿಂದ ಕಲಿಯಬೇಕಾಗಿ ಬಂದಿರುವುದು ವಿಷಾದನೀಯ.

ಮಾಡಬೇಕಾದುದು

ಕಮರಿಪೇಟೆಯಾಗಲಿ, ಹುಬ್ಬಳ್ಳಿ-ಧಾರವಾಡದ ಬೇರಾವ ಭಾಗವಾಗಲಿ, ಒಂದು ಜಮಾಅತ್ ಮನಸ್ಸು ಮಾಡಿದರೆ ಈ ಕೆಳಗಿನವುಗಳಿಗೆ ದೊಡ್ಡ ಹಣ ಬೇಕಿಲ್ಲ.

ಮಸೀದಿಯ ಪ್ರತಿ ನೋಟಿಸು ಒಂದೇ ಹಾಳೆಯಲ್ಲಿ ಉರ್ದು ಮತ್ತು ಕನ್ನಡ ಎರಡರಲ್ಲೂ, ಒಂದೇ ದಿನ ಪ್ರಕಟವಾಗಲಿ. ಕನ್ನಡ ನೋಟಿಸು ನಾಲ್ಕು ದಿನ ತಡವಾಗಿ ಬಂದರೆ ಅದು ಉಪಕಾರವಾಗುತ್ತದೆ, ಹಕ್ಕಾಗುವುದಿಲ್ಲ.

ಜುಮಾದ ಬಯಾನಿನಲ್ಲಿ ಕನಿಷ್ಠ ಹತ್ತು ನಿಮಿಷ ಕನ್ನಡಕ್ಕೆ ಮೀಸಲಾಗಲಿ. ಅದು ಬಯಾನಿನ ಭಾಗವಾಗಿರಲಿ, ಜನ ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಓದುವ ಪ್ರಕಟಣೆಯಾಗದಿರಲಿ. ಇಮಾಮರಿಗೆ ಕನ್ನಡ ಬಾರದಿದ್ದರೆ ಕನ್ನಡ ಬಲ್ಲ ಆಲಿಮ್ ಅಥವಾ ಪದವೀಧರರೊಬ್ಬರು ಸಾರಾಂಶ ಹೇಳಲಿ. ಉರ್ದು ಬಯಾನ್ ಕೂಡ ಓಣಿಯ ದಖನಿಗೆ ಹತ್ತಿರವಿರಲಿ.

ಮಹಾಸಭೆಯಲ್ಲಿ ಯಾರು ಬೇಕಾದರೂ ಉರ್ದು, ದಖನಿ, ಕನ್ನಡ ಯಾವುದರಲ್ಲಾದರೂ ಮಾತನಾಡಬಹುದೆಂದು ಅಧ್ಯಕ್ಷರು ಆರಂಭದಲ್ಲೇ ಘೋಷಿಸಲಿ. ಪ್ರತಿ ಠರಾವನ್ನು ಮತಕ್ಕೆ ಹಾಕುವ ಮೊದಲು ಎರಡೂ ಭಾಷೆಗಳಲ್ಲಿ ಓದಲಿ. ನಡಾವಳಿ ಮತ್ತು ಜಮಾಖರ್ಚು ಎರಡರಲ್ಲೂ ಬರೆಯಲ್ಪಡಲಿ. ಹಾಗೆ ಓದದ ಠರಾವು ಊರ್ಜಿತವಲ್ಲ ಎಂದು ನಿಯಮಾವಳಿಯಲ್ಲೇ ಸೇರಿಸಲಿ.

ನಿಕಾಹ್‌ನಾಮೆ ಎರಡು ಭಾಷೆಗಳಲ್ಲಿ ಮುದ್ರಣವಾಗಲಿ. ಮಹರ್‌ನ ಸಾಲನ್ನು ವಧುವಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಪಡೆಯಲಿ.

ಎರಡೂ ಲಿಪಿ ಬಲ್ಲ ಯುವಕ ಅಥವಾ ಯುವತಿಯೊಬ್ಬರನ್ನು ಗೌರವಧನ ನೀಡಿ ನೇಮಿಸಿಕೊಳ್ಳಲಿ. ಮಸೀದಿಯ ಹಳೆಯ ವಹಿಗಳನ್ನು ಕನ್ನಡಕ್ಕೂ, ಕಚೇರಿಯ ಕನ್ನಡ ನೋಟಿಸುಗಳನ್ನು ಉರ್ದುವಿಗೂ ತರುವುದು ಅವರ ಕೆಲಸ. ಅಮೃತಶಿಲೆ ಹಾಸಲು ಚಂದಾ ಎತ್ತುವ ನಮಗೆ ಇದೊಂದು ಸಂಬಳ ಭಾರವಾಗದು. ಜೊತೆಗೆ ಮದ್ರಸಾದಲ್ಲಿ ವಾರಕ್ಕೆ ಕೆಲವು ತಾಸು ಕನ್ನಡ, ಕನ್ನಡ ಮಾಧ್ಯಮದ ಮಕ್ಕಳಿಗೆ ವಾರಕ್ಕೆ ಕೆಲವು ತಾಸು ಉರ್ದು ಅಕ್ಷರಾಭ್ಯಾಸ ನಡೆಯಲಿ.

ಕೊನೆಯದಾಗಿ, ಜನಗಣತಿಯವರು ಬಾಗಿಲಿಗೆ ಬಂದಾಗ ಮನೆಮಾತು ಯಾವುದೋ ಅದನ್ನೇ ಬರೆಸೋಣ. ಕನ್ನಡವಿದ್ದವರು ಹೆದರಿ ಉರ್ದು ಬರೆಸುವುದೂ ಬೇಡ, ಉರ್ದುವಿರುವವರು ಅಂಜಿ ಕನ್ನಡ ಬರೆಸುವುದೂ ಬೇಡ. ಸುಳ್ಳು ಲೆಕ್ಕದಿಂದ ಯಾವ ಭಾಷೆಗೂ ಗೌರವ ದೊರಕಿದ್ದಿಲ್ಲ.

ಇವುಗಳಲ್ಲಿ ಯಾವುದಕ್ಕೂ ಸರಕಾರದ ಅನುಮತಿ ಬೇಕಿಲ್ಲ, ಹೊಸ ಫತ್ವಾ ಬೇಕಿಲ್ಲ, ಯಾರ ವಿರುದ್ಧವೂ ಮೆರವಣಿಗೆ ಬೇಕಿಲ್ಲ. ನಿಮ್ಮ ಜಮಾಅತಿನ ಮುಂದಿನ ಸಭೆಯ ನೋಟಿಸು ಬಂದಾಗ ಒಂದೇ ಪ್ರಶ್ನೆ ಕೇಳಿ: ಇದು ನಮ್ಮ ಜಮಾಅತಿನ ಎಷ್ಟು ಮನೆಗಳಿಗೆ ಅರ್ಥವಾಗುತ್ತದೆ? ಉತ್ತರ ಬರುವವರೆಗೆ ಚಂದಾ ರಸೀದಿಗೆ ಸಹಿ ಹಾಕುವ ಮುನ್ನ ಮತ್ತೆ ಮತ್ತೆ ಕೇಳಿ. ಹಿಂದಿನ ಸಾಲಿನವರ ಚಂದಾ ಮುಂದಿನ ಸಾಲಿನವರ ಚಂದಾದಷ್ಟೇ ಹಲಾಲ್ ಆಗಿದ್ದರೆ, ಅವರ ಭಾಷೆಯೂ ಅಷ್ಟೇ ಹಲಾಲ್.